ಸೇವ್ ಆಗದ ಈಜುಕೊಳ

ಅಧ್ಯಕ್ಷತೆ ವಹಿಸಿರುವ ನಮ್ಮ ಸ್ಟುಡಿಯೋದ ಯಜಮಾನರೇ, ಮುಖ್ಯ ಅತಿಥಿಗಳಾದ ಈಜಿನ ಟೀಚರೇ, ಇವತ್ತಿನ ಸಮಾರಂಭವೇ ತಮ್ಮದಾಗಿದ್ದರೂ ಮೂಲೆಯ ಕುರ್ಚಿಯನ್ನು ಹುಡುಕಿ ಕೂತಿರುವ ಎಡಿಟರಮ್ಮನವರೇ, ಹಾಗೂ ಕಾಫಿ ಯಾವಾಗ ಬರುತ್ತದೆಂದು ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ,

ನಾನು ಸೌಂಡಿನವನು. ಇನ್ನೊಬ್ಬರ ಮಾತನ್ನು ಹಿಡಿದಿಡುವುದು ನನ್ನ ಕಸುಬು. ನನ್ನ ಮಾತು ಮಾತ್ರ ನನ್ನ ಕೈಗೇ ಸಿಗುವುದಿಲ್ಲ. ಯಜಮಾನರು, "ಹೆಡ್‌ಫೋನ್ ಸಾರ್, ಎಡಿಟರಮ್ಮನ ಕೆಲಸದ ಬಗ್ಗೆ ಮಾತ್ರ ಹೇಳಿ, ಎಲ್ಲೆಲ್ಲೋ ಹೋಗ್ಬೇಡಿ" ಎಂದು ಎಚ್ಚರಿಸಿದ್ದಾರೆ. ಹೆಡ್‌ಫೋನ್ ಎಂಬುದು ಸ್ಟುಡಿಯೋದವರು ನನಗಿಟ್ಟ ಹೆಸರು. ಆಗಲಿ, ಕೆಲಸದ ಬಗ್ಗೆ ಮಾತ್ರವೇ ಹೇಳುತ್ತೇನೆ.

ಎಡಿಟರಮ್ಮ ಇನ್ನು ಮುಂದೆ ಬೇರೆ ಊರಿನ ಕಾಲೇಜಿನಲ್ಲಿ ಪಾಠ ಮಾಡಲಿದ್ದಾರೆ. ಅಲ್ಲಿನ ಮಕ್ಕಳ ಅದೃಷ್ಟ ದೊಡ್ಡದು. ನಮ್ಮ ಅದೃಷ್ಟದ ಬಗ್ಗೆ ಏನು ಹೇಳಲಿ?

ಕಳೆದ ವರ್ಷ ನಗರಸಭೆಯ ಈಜುಕೊಳವನ್ನು ಮುಚ್ಚುವುದೆಂದು ತೀರ್ಮಾನವಾಯಿತು. ಅರ್ಧ ಊರಿಗೆ ಈಜು ಕಲಿಸಿದ ಟೀಚರ ಬಗ್ಗೆ ಒಂದು ಚಿತ್ರ ಮಾಡಿ, ಮುಚ್ಚುವ ದಿನ ಕೊಳದ ಗೋಡೆಯ ಮೇಲೆಯೇ ತೋರಿಸಬೇಕೆಂದು ನಾವು ಒಪ್ಪಿಕೊಂಡೆವು. ಟೀಚರ ಮನೆಯ ಅಟ್ಟದಿಂದ ಹಳೆಯ ಟೇಪುಗಳು ಬಂದವು. ಒಂದು ದಿನ ಎಡಿಟರಮ್ಮ ನನ್ನನ್ನು ಕರೆದರು.

"ಇದನ್ನ ಸ್ವಲ್ಪ ಕೇಳಿ. ಥೇಟ್ ನಿಮ್ಮ ಮಗಳು ನಕ್ಕ ಹಾಗಿದೆ."

ಟೇಪಿನಲ್ಲಿ ಟೀಚರು, "ಕಾಲು ಬಡಿಯೇ! ಕಾಲು!" ಎಂದು ಅರಚುತ್ತಿದ್ದರು. ನೀರು ಕುಡಿದ ಒಬ್ಬ ಹುಡುಗಿ ಕೆಮ್ಮುತ್ತ ಕೆಮ್ಮುತ್ತಲೇ ನಕ್ಕಳು. ಸಭಿಕರೇ, ಅವಳು ನನ್ನ ಹೆಂಡತಿ. ನನಗೆ ಪರಿಚಯವಾಗುವುದಕ್ಕೂ ಮುಂಚಿನ ನನ್ನ ಹೆಂಡತಿ. ಅವಳು ತೀರಿಹೋಗಿ ಬಹಳ ವರ್ಷವಾಯಿತು. ಊರವರೆಲ್ಲರ ದನಿ ನನ್ನ ಹತ್ತಿರ ಇದೆ, ಅವಳದ್ದು ಇರಲಿಲ್ಲ. ಮನೆಯಲ್ಲಿಯೇ ಇರುವವರನ್ನು ಯಾರು ರೆಕಾರ್ಡ್ ಮಾಡುತ್ತಾರೆ, ಹೇಳಿ?

ಅದು ಯಾರ ನಗುವೆಂದು ಎಡಿಟರಮ್ಮನಿಗೆ ಹೇಳಿದೆ. ಅವರು ಚಿತ್ರದ ಕೊನೆಯಲ್ಲಿ ಉಳಿದ ಸದ್ದನ್ನೆಲ್ಲ ಮೆಲ್ಲಗೆ ತೆಗೆದು, ಯಾರೂ ಇಲ್ಲದ ಕೊಳದ ದೃಶ್ಯದ ಮೇಲೆ ಆ ನಗುವೊಂದನ್ನೇ ಬಿಟ್ಟರು.

ಕ್ಷಮಿಸಿ, ಕೆಲಸದ ಬಗ್ಗೆ ಹೇಳಬೇಕು.

ಪ್ರದರ್ಶನದ ಹಿಂದಿನ ದಿನ ಎಡಿಟಿಂಗ್ ಕಂಪ್ಯೂಟರು ತಾನಾಗಿಯೇ ಅಪ್‌ಡೇಟ್ ಮಾಡಿಕೊಂಡಿತು. ನಮ್ಮ ಚಿತ್ರಗಳೆಲ್ಲ ಇರುವುದು ಪಕ್ಕದ ಕೋಣೆಯ ಸ್ಟೋರೇಜ್ ಡಬ್ಬದಲ್ಲಿ. ಎಲ್ಲ ಕಂಪ್ಯೂಟರುಗಳೂ ನೆಟ್‌ವರ್ಕ್ ಮೂಲಕ ಅದರಿಂದಲೇ ತೆಗೆದು ಅದಕ್ಕೇ ಇಡುತ್ತವೆ. ಅಂದು ಪ್ರಾಜೆಕ್ಟ್ ತೆರೆಯಿತು, ಕೊಳ ಕಂಡಿತು, ಟೀಚರು ಅರಚಿದರು. ಆದರೆ ಕೊನೆಯ ಭಾಗ ಕಟ್ಟಿ ಮುಗಿಸಿ ಸೇವ್ ಒತ್ತಿದರೆ, "ಇಲ್ಲಿ ಬರೆಯಲು ನಿಮಗೆ ಅನುಮತಿ ಇಲ್ಲ" ಎಂಬ ಉತ್ತರ. ಎಡಿಟರಮ್ಮ ಬೇರೆ ಹೆಸರು ಕೊಟ್ಟು ನೋಡಿದರು. ಅನುಮತಿ ಇಲ್ಲ. ಯಜಮಾನರು ಕೇಬಲ್ ಕಿತ್ತು ಊದಿ ಮತ್ತೆ ಸಿಕ್ಕಿಸಿದರು. ಅನುಮತಿ ಇಲ್ಲ. ಪ್ರಾಜೆಕ್ಟನ್ನು ಕಂಪ್ಯೂಟರಿನ ಸ್ವಂತ ಡಿಸ್ಕಿಗಾದರೂ ಇಳಿಸೋಣವೆಂದು ಎಡಿಟರಮ್ಮ ಕೈ ಚಾಚುವಷ್ಟರಲ್ಲಿ ಪರದೆ ಗರ ಬಡಿದಂತೆ ನಿಂತಿತು. ಅಂದು ಮಾಡಿದ್ದ ಕೊನೆಯ ಭಾಗವೆಲ್ಲ ಹೋಯಿತು.

ನನ್ನ ಮುಖ ಹೇಗಾಗಿತ್ತೋ ಏನೋ. ಎಡಿಟರಮ್ಮ ಮೊದಲು ತಿರುಗಿದ್ದು ನನ್ನ ಕಡೆಗೆ. "ಹೋಗಿರೋದು ನನ್ನ ಕಟ್ ಅಷ್ಟೇ. ಟೇಪ್ ಇದೆ. ನಗು ಎಲ್ಲೂ ಹೋಗಿಲ್ಲ, ಹೆದರ್ಬೇಡಿ."

ಆಮೇಲೆ ನಾವಿಬ್ಬರೂ ಪತ್ತೇದಾರಿಕೆಗೆ ಕುಳಿತೆವು. ಒಂದೇ ಸಾಲಿನ ಫೈಲು ಮಾಡಿ ಡಬ್ಬಕ್ಕೆ ಹಾಕಲು ನೋಡಿದೆವು. ಅದೂ ಹೋಗಲಿಲ್ಲ, ಅಂದರೆ ಎಡಿಟಿಂಗ್ ಸಾಫ್ಟ್‌ವೇರಿನ ತಪ್ಪಲ್ಲ. ಅಪ್‌ಡೇಟ್ ಆಗದ ನನ್ನ ಸೌಂಡ್ ಕಂಪ್ಯೂಟರಿನಿಂದ ಅದೇ ಫೈಲು ಸಲೀಸಾಗಿ ಹೋಯಿತು. ಅಂದರೆ ಡಬ್ಬದ ತಪ್ಪೂ ಅಲ್ಲ.

"ಹಾಗಾದ್ರೆ ಡಬ್ಬಕ್ಕೆ ನಾನು ಯಾರು ಅಂತಲೇ ಗೊತ್ತಿಲ್ಲ" ಎಂದರು ಎಡಿಟರಮ್ಮ.

ಅದೇ ನಿಜವಾಗಿತ್ತು. ಅಪ್‌ಡೇಟ್ ಆದಾಗ ಅವರ ಹೆಸರು, ಪಾಸ್‌ವರ್ಡ್ ಎರಡೂ ಅಳಿಸಿಹೋಗಿ, ಕಂಪ್ಯೂಟರು 'ಗೆಸ್ಟ್' ಎಂದು ಒಳಗೆ ಹೋಗುತ್ತಿತ್ತು. ಗೆಸ್ಟ್ ಎಲ್ಲವನ್ನೂ ನೋಡಬಹುದು, ಏನನ್ನೂ ಇಡುವಂತಿಲ್ಲ. ಈ ಸ್ಟುಡಿಯೋವನ್ನು ಕಟ್ಟಿ ನಿಲ್ಲಿಸಿದ ಹೆಂಗಸು ಗೆಸ್ಟ್! ಅವರು ಎಷ್ಟು ನಕ್ಕರೆಂದರೆ ಯಜಮಾನರು ಓಡಿ ಬಂದರು. ಹಳೆಯ ಸಂಪರ್ಕ ಕಡಿದು, ಅವರ ಹೆಸರಿನಲ್ಲೇ ಮತ್ತೆ ಒಳಹೊಕ್ಕೆವು. ಸೇವ್ ಆಯಿತು.

ಕಳೆದುಹೋದ ಭಾಗವನ್ನು ಅವರು ಮೊದಲಿಂದ ಕಟ್ಟಿದರು. ಈ ಸಲ ನಗುವಿಗೆ ಮುಂಚೆ ಮೌನವನ್ನು ಇನ್ನಷ್ಟು ಉದ್ದ ಮಾಡಿದರು. "ಸಾಕಾ?" ಎಂದು ಕೇಳಿದರು. "ಇನ್ನೊಂದು ಉಸಿರು" ಎಂದೆ. ಕೊಟ್ಟರು.

ಮರುದಿನ ಕೊಳದ ಗೋಡೆಯ ಮೇಲೆ ಚಿತ್ರ ಓಡಿತು. ಟೀಚರು, "ನಾನು ಇಷ್ಟು ಅರಚ್ತಿದ್ನೇನ್ರೋ?" ಎಂದು ಅರಚಿದರು. ಕೊನೆಯ ನಗು ಬಂದಾಗ ನನ್ನ ಮಗಳು, ಅಮ್ಮನ ದನಿಯ ನೆನಪೇ ಇಲ್ಲದವಳು, ನನ್ನ ತೋಳು ಹಿಡಿದು, "ಅಪ್ಪಾ, ನಾನು ಯಾವಾಗ ನಕ್ಕೆ?" ಎಂದಳು. ಪಕ್ಕದಲ್ಲಿದ್ದ ಎಡಿಟರಮ್ಮನೇ ಅವಳ ತಲೆ ಸವರಿ, "ಅದು ನಿಮ್ಮಮ್ಮ, ಪುಟ್ಟಾ" ಎಂದರು.

ಯಜಮಾನರು ಗಡಿಯಾರ ನೋಡುತ್ತಿದ್ದಾರೆ. ಇನ್ನೊಂದೇ ವಿಷಯ, ಇದೂ ಕೆಲಸದ್ದೇ.

ಹೋದ ವಾರ ಬಸ್ ನಿಲ್ದಾಣದಲ್ಲಿ ಎಡಿಟರಮ್ಮ, ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಹೇಳಿದರು: "ಆ ಕಾಲೇಜಲ್ಲಿ ಸೌಂಡ್ ಹೇಳಿಕೊಡೋಕೂ ಒಬ್ರು ಬೇಕಂತೆ. ನೀವು ಬರ್ತೀರಾ? ಕೆಲಸಕ್ಕೆ ಮಾತ್ರ ಕರೀತಿಲ್ಲ ನಾನು." ಮಗಳನ್ನು ಕೇಳಿ ಹೇಳುತ್ತೇನೆಂದೆ. ಅಷ್ಟರಲ್ಲಿ ಬಸ್ಸು ಬಂದೇಬಿಟ್ಟಿತು. ಮನೆಗೆ ಹೋಗಿ ತಡವರಿಸುತ್ತ ಮಗಳಿಗೆ ವಿಷಯ ತಿಳಿಸಿದೆ. "ಅಯ್ಯೋ ಅಪ್ಪಾ, ಅವರೇ ಬಾಯಿಬಿಟ್ಟು ಕೇಳೋ ತನಕ ಕಾದ್ಯಾ?" ಎಂದು ಬೈದಳು.

ಅಂದಿನಿಂದ ಉತ್ತರ ನಾಲಿಗೆಯ ತುದಿಯಲ್ಲಿದೆ. ಅವರ ಎದುರು ನಿಂತರೆ ಮಾತ್ರ ಕೇಬಲ್ ಸುತ್ತುತ್ತ ಬೇರೇನೋ ಮಾತಾಡುತ್ತೇನೆ. ಮೈಕಿನ ಈಚೆ ಬದಿಯಲ್ಲಿ ನಿಂತು ಗೊತ್ತಿಲ್ಲದವನಿಗೆ ಇವತ್ತು ಆ ಮೈಕೇ ಧೈರ್ಯ ಕೊಟ್ಟಿದೆ. ಎಡಿಟರಮ್ಮ, ಬರ್ತೀನಿ.

ಯಜಮಾನರೇ, ಇದನ್ನೇ ನನ್ನ ರಾಜೀನಾಮೆ ಎಂದು ಭಾವಿಸಬೇಕು. ಹಾರ ಒಂದೇ ತಂದಿದ್ದೀರಿ, ಚಿಂತೆಯಿಲ್ಲ, ಅವರಿಗೇ ಹಾಕಿ. ಕೊನೆಗೂ ಬಂದ ಕಾಫಿ ಆರುವವರೆಗೂ ಕೂತು ಕೇಳಿದ ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಧನ್ಯವಾದ. ನಮಸ್ಕಾರ.