ಪುಟ್ಟಸ್ವಾಮಿಯವರ ಮೈಮೇಲೆ ಜಾಕೆಟ್ ಇತ್ತು

ಎಲ್ಲರಿಗೂ ಶರಣು. ಮುಂದಿನ ಸಾಲಿನಲ್ಲಿ ಕುಳಿತಿರುವ ಪುಟ್ಟಸ್ವಾಮಿಯವರ ಹೆಂಡತಿ ಚನ್ನಮ್ಮನವರಿಗೆ, ಅವರ ಮಗಳು ರಂಜನಿಗೆ, ಮೊದಲು ಕೈ ಮುಗಿಯುತ್ತೇನೆ. ಪುಟ್ಟಸ್ವಾಮಿಯವರ ಫೋಟೋಕ್ಕೆ ಹಾರ ಹಾಕಿಯಾಯಿತು. ಹಾರ ಚೆನ್ನಾಗಿದೆ.

ಬರೆದುಕೊಂಡು ಬಂದು ಓದುವ ಮನಸ್ಸು ನನಗಿರಲಿಲ್ಲ. ಬರೆಸಿದ್ದಾರೆ. ನಮ್ಮ ಕನ್ನಡ ಕೂಟದ ಕಾರ್ಯದರ್ಶಿ ಶ್ರೀಹರ್ಷ ಅವರು ಹತ್ತು ದಿನದ ಹಿಂದೆ ಫೋನ್ ಮಾಡಿದರು. "ಮುರುಗೆಪ್ಪ ಅಂಕಲ್, ನೀವು ಮಾತಾಡೋದಾದ್ರೆ ಬರ್ಕೊಂಡೇ ಬರಬೇಕು. ಫೈವ್ ಮಿನಿಟ್ಸ್. ಗುರುವಾರದೊಳಗೆ ಕಳಿಸಿಬಿಡಿ, ಕಮಿಟಿ ಒಂದ್ಸಲ ರಿವ್ಯೂ ಮಾಡುತ್ತೆ" ಎಂದರು. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಫ್ಲಶಿಂಗಿನ ದೇವಸ್ಥಾನದ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷ ಹಂಚಿನ ಮುಂದೆ ನಿಂತವನು. ಅಲ್ಲಿ ನಾನು ಬರೆದದ್ದೆಂದರೆ ಸಾಮಾನಿನ ಚೀಟಿ. ಆದರೂ ಮೂರು ದಿನ ಕೂತು ಎರಡು ಪುಟ ಬರೆದು ಕಳಿಸಿದೆ. ತಿರುಗಿ ಬಂದಾಗ ಆರು ಸಾಲು ಉಳಿದಿತ್ತು. "ಶ್ರೀಯುತರು ಸರಳ ಸಜ್ಜನರು, ಪ್ರಕೃತಿಪ್ರಿಯರು, ಎಲ್ಲರೊಂದಿಗೆ ಬೆರೆಯುವ ಸ್ವಭಾವದವರು." ಇದನ್ನು ನಾನು ಬರೆದೇ ಇರಲಿಲ್ಲ. ನಾಳೆ ನಾನು ಸತ್ತರೂ ಇದನ್ನೇ ಓದಬಹುದು.

ಆ ಆರು ಸಾಲು ನನ್ನ ಜೇಬಿನಲ್ಲಿವೆ. ಈಗ ಓದುತ್ತಿರುವುದು ಬೇರೆ ಕಾಗದ — ಶ್ರೀಹರ್ಷ ಅವರೇ, ಮೈಕಿನ ಹತ್ತಿರ ಬರಬೇಡಿ. ಕುಳಿತುಕೊಳ್ಳಿ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಪುಟ್ಟಸ್ವಾಮಿಯವರೂ ನಾನೂ ಒಂದೇ ಕಡೆ ಕೆಲಸಕ್ಕಿದ್ದೆವು. ಡೆಲಾವೇರ್ ನದಿಯ ಮೇಲ್ಭಾಗದಲ್ಲಿ ಜನರನ್ನು ಕನೂ ದೋಣಿಯಲ್ಲಿ ಕರೆದೊಯ್ಯುವ ಒಂದು ಕಂಪನಿ. ನಾಲ್ಕು ದಿನ, ಮೂರು ರಾತ್ರಿ. ಹಗಲೆಲ್ಲ ಹುಟ್ಟು ಹಾಕುವುದು, ಸಂಜೆ ನದಿ ದಡದ ಯಾವುದೋ ಹಳ್ಳಿಯ ಹಳೆಯ ವಸತಿಮನೆಯಲ್ಲಿ ಉಂಡು ಮಲಗುವುದು, ಬೆಳಿಗ್ಗೆ ಮತ್ತೆ ನೀರಿಗಿಳಿಯುವುದು. ನಿಮ್ಮ ಸೂಟ್‌ಕೇಸು, ಇಸ್ತ್ರಿ ಬಟ್ಟೆ, ಮಾತ್ರೆ ಡಬ್ಬಿ ಎಲ್ಲ ವ್ಯಾನಿನಲ್ಲಿ ಮುಂದಿನ ಊರಿಗೆ ಹೋಗಿರುತ್ತದೆ. ಆ ವ್ಯಾನು ನನ್ನದು. ಮಧ್ಯಾಹ್ನದ ಬುತ್ತಿಯೂ ನನ್ನದು. ನೀರಿನ ಮೇಲೆ ನಿಮ್ಮ ಜೀವ ಪುಟ್ಟಸ್ವಾಮಿಯವರದು. ಎಂಟು ಬೇಸಿಗೆ ಹಾಗೆ ನಡೆಯಿತು.

ಅವರು ಟಿ. ನರಸೀಪುರದ ಕಡೆಯವರು. ಇಲ್ಲಿಗೆ ಬಂದು ಈ ರಾಜ್ಯದಲ್ಲಿ ಮೂವತ್ತೊಂದು ವರ್ಷ ಸೇತುವೆಗಳ ಇಂಜಿನಿಯರಾಗಿದ್ದು ನಿವೃತ್ತರಾದವರು. ನೀರಿನ ಮೇಲೆ ಸೇತುವೆ ಕಟ್ಟುವವನಿಗೆ ಈಜು ಬರದು ಎಂದು ಆಫೀಸಿನಲ್ಲಿ ಯಾರೋ ನಕ್ಕರಂತೆ. ನಲವತ್ತೊಂದನೆಯ ವಯಸ್ಸಿನಲ್ಲಿ, ಊರಿನ ಈಜುಕೊಳದಲ್ಲಿ, ಆರು ವರ್ಷದ ಮಕ್ಕಳ ಜೊತೆ ಸಾಲಿನಲ್ಲಿ ನಿಂತು ಕಲಿತರು. ಚನ್ನಮ್ಮ ನಗುತ್ತಿದ್ದಾರೆ, ನೋಡಿ. ಅವರೇ ಟವೆಲ್ ಹಿಡಿದು ನಿಂತಿರುತ್ತಿದ್ದರು.

ನನಗೂ ಅವರಿಗೂ ದಿನಾ ಜಗಳ. ನನ್ನ ರೊಟ್ಟಿ ಮುರಿದು, "ಇದೇನು ಮುರುಗಪ್ನೋರೆ, ಹಪ್ಪಳ ಸುಡೋದ್ ಬಿಟ್ಟು ತಂದ್ಬುಟ್ರಾ?" ಅನ್ನುವರು. "ಹಲ್ಲಿದ್ದಾರು ತಿನ್ನೂ ಊಟರೀ ಇದು, ಮುದ್ದಿ ನುಂಗಾರಿಗೆ ಏನ್ ತಿಳೀತೈತಿ" ಅನ್ನುವೆ. ತಿನ್ನದೆ ಬಿಟ್ಟ ದಿನವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರ ಹತ್ತಿರ ತಮಾಷೆ ನಡೆಯುತ್ತಿರಲಿಲ್ಲ. ನೀರಿಗಿಳಿಯುವ ಮುನ್ನ ಪ್ರತಿಯೊಬ್ಬರ ಮುಂದೆ ನಿಂತು, ನೀರಿನಲ್ಲಿ ತೇಲಿಸುವ ಲೈಫ್ ಜಾಕೆಟ್ಟಿನ ಭುಜದ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ — ಹೀಗೆ — ಮೇಲಕ್ಕೆ ಎಳೆಯುವರು. ಕಿವಿಯವರೆಗೆ ಎದ್ದರೆ ಪಟ್ಟಿ ಸಡಿಲ, ಮತ್ತೆ ಬಿಗಿ. ಫೋರ್ಟ್ ಲೀಯಿಂದ ಬಂದ ಒಬ್ಬ ದೊಡ್ಡ ಮನುಷ್ಯರಿಗೆ ಸಿಟ್ಟು ಬಂತು. "ನಾನು ಯಾರು ಅಂತ ಗೊತ್ತೇನ್ರೀ?" ಎಂದರು. "ಗೊತ್ತು ಸಾರ್, ಎಂಬತ್ತೆಂಟು ಕೆಜಿ. ನೀರಿಗೂ ಅಷ್ಟೇ ಗೊತ್ತಾಗೋದು" ಎಂದರು ಪುಟ್ಟಸ್ವಾಮಿ. ಎಳೆದು ಬಿಗಿದೇ ಬಿಟ್ಟರು.

ಈಗ ಜೂನ್ ಇಪ್ಪತ್ತೆಂಟು, ಶನಿವಾರಕ್ಕೆ ಬರುತ್ತೇನೆ. ಆರು ಸಾಲಿನಲ್ಲಿ ಇರದ ಮಾತು ಇದು.

ನಮ್ಮ ಕೂಟದಿಂದ ಹನ್ನೊಂದು ಜನ ಬಂದಿದ್ದರು. ಮೂರನೆಯ ದಿನ. ಹಿಂದಿನ ಸಂಜೆ ವಸತಿಮನೆಯ ಜಗಲಿಯಲ್ಲಿ ಕೂಟದ ಅಧ್ಯಕ್ಷರಾದ ಬಾಸ್ಕಿಂಗ್ ರಿಡ್ಜಿನ ಪ್ರಭಾಕರ ಅವರು, ಅವರ ಹೆಂಡತಿ ಕೌಸಲ್ಯಾ ಅವರು ಪೆಟ್ಟಿಗೆ ಬಿಚ್ಚಿದರು. ಒಳಗೆ ಬಿದಿರಿನ ಮೊರ. ಅರಿಶಿನ, ಕುಂಕುಮ, ಬಳೆ, ಕನ್ನಡಿ, ಬೇಳೆ, ಬೆಲ್ಲ, ರವಿಕೆ ಕಣ, ಎಲ್ಲ ತುಂಬಿ, ಮೇಲೊಂದು ಮೊರ ಮುಚ್ಚಿ ಕಟ್ಟಿದ ಬಾಗಿನ. ಎರಡು ಜೊತೆ. "ನಮ್ಮತ್ತೆ ಆಷಾಢದ ಹೊಸ ನೀರಿಗೆ ಕಾವೇರಿಗೆ ಬಾಗಿನ ಬಿಡೋರು. ಇಲ್ಲಿ ನಮಗೆ ಇದೇ ಕಾವೇರಿ" ಎಂದರು ಕೌಸಲ್ಯಾ. ತಪ್ಪೇನಿಲ್ಲ. ನನಗೂ ಸಂತೋಷವಾಯಿತು.

ಪುಟ್ಟಸ್ವಾಮಿ ಹೇಳಿದರು, "ಬಿಡಿ ತಾಯಿ, ದಡದಲ್ಲಿ ಬಿಡಿ. ದಡದ ನೀರೂ ಅದೇ ನೀರು."

"ದಡದಲ್ಲಿ ಕೆಸರು ಅಂಕಲ್. ಹರಿಯೋ ನೀರಿಗೇ ಬಿಡಬೇಕು."

"ಹಂಗಾದ್ರೆ ಕೂತ್ಕಂಡೇ ಬಗ್ಗಿ ಬಿಡಬೇಕು. ದೋಣೀಲಿ ಎದ್ದೇಳಂಗಿಲ್ಲ. ಜಾಕೆಟ್ ಮುಟ್ಟಂಗಿಲ್ಲ."

ಇಷ್ಟಕ್ಕೆ ಪುಟ್ಟಸ್ವಾಮಿ ಒಪ್ಪಿದರು. ಒಪ್ಪಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಬೆಳಿಗ್ಗೆ ಮನಸ್ಸು ಬದಲಾಯಿಸಿ ನನ್ನ ಹತ್ತಿರ ಬಂದರು. "ಮುರುಗಪ್ನೋರೆ, ಆ ಮೊರಗಳ್ನ ವ್ಯಾನಲ್ಲೇ ಬುಟ್ಬುಡಿ. ಮರ್ತೆ ಅನ್ನಿ. ಮಧ್ಯಾಹ್ನ ದಡದಲ್ಲೇ ಕೊಡೋರಂತೆ" ಎಂದರು. ನಾನು ಬಿಡಲಿಲ್ಲ. ದೇವರ ಸಾಮಾನು, ಸುಳ್ಳು ಹೇಳಿದರೆ ಪಾಪ ಎಂದುಕೊಂಡು, ನನ್ನ ಕೈಯಾರೆ ಎತ್ತಿ ಕೌಸಲ್ಯಾ ಅವರ ದೋಣಿಯಲ್ಲಿಟ್ಟೆ. ಇದು ನನ್ನ ತಪ್ಪು. ತನಿಖೆಗೆ ಬಂದ ಅಧಿಕಾರಿಗೆ ಇದನ್ನು ನನ್ನ ಹೆಸರಿನಲ್ಲೇ ಬರೆಸಿ ಸಹಿ ಹಾಕಿದ್ದೇನೆ.

ಮಧ್ಯಾಹ್ನ ಹನ್ನೆರಡೂವರೆ. ನಾನು ದಡದಲ್ಲಿ ಬುತ್ತಿ ಬಿಚ್ಚುತ್ತಿದ್ದೆ. ದೋಣಿಗಳು ಇಲ್ಲಿಂದ — ಆ ಕಾಫಿ ಮೇಜು ಇದೆಯಲ್ಲ — ಅದರ ಎರಡರಷ್ಟು ದೂರ. ನೀರಿನ ಮೇಲೆ ಮಾತು ಚೆನ್ನಾಗಿ ಕೇಳುತ್ತದೆ. ಒಂದು ದೋಣಿಯಲ್ಲಿ ಪ್ರಭಾಕರ, ಕೌಸಲ್ಯಾ. ಎದುರಿನ ದೋಣಿಯಲ್ಲಿ ಫೋನ್ ಹಿಡಿದ ಶ್ರೀಹರ್ಷ. ಪಕ್ಕದಲ್ಲಿ ಒಂಟಿ ದೋಣಿಯಲ್ಲಿ ಪುಟ್ಟಸ್ವಾಮಿ, ಕೆಂಪು ಜಾಕೆಟ್ಟಿನಲ್ಲಿ.

ಶ್ರೀಹರ್ಷ ಅಂದದ್ದು ನನ್ನ ಕಿವಿಯಲ್ಲಿದೆ. "ಮೇಡಂ, ಜಾಕೆಟ್‌ನಲ್ಲಿ ಸೀರೆನೇ ಕಾಣ್ತಿಲ್ಲ. ಜಸ್ಟ್ ಒಂದು ಫೋಟೋಗೆ, ಜಾಕೆಟ್ ತೆಗೀರಿ. ಸಾರ್ ನೀವೂನೂ."

ಕೌಸಲ್ಯಾ ತೆಗೆದರು. ಪ್ರಭಾಕರ ತೆಗೆದರು. ಪುಟ್ಟಸ್ವಾಮಿ ಹುಟ್ಟು ಎತ್ತಿ ಕೂಗಿದರು — "ಹಾಕ್ಕಳಿ ಸಾರ್. ಹಾಕ್ಕಳಿ. ತಾಯಿ, ಕೂತ್ಕಳಿ." ಮೂರು ಸಲ ಕೂಗಿದರು. "ಟೂ ಮಿನಿಟ್ಸ್ ಅಂಕಲ್" ಎಂದರು ಪ್ರಭಾಕರ. ಕೌಸಲ್ಯಾ ಎರಡು ಕೈಯಲ್ಲಿ ಬಾಗಿನ ಹಿಡಿದು ಎದ್ದು ನಿಂತರು. ಹಿಡಿದುಕೊಳ್ಳಲು ಪ್ರಭಾಕರ ಎದ್ದರು. ಇಬ್ಬರೂ ಒಂದೇ ಮಗ್ಗುಲಿಗೆ ವಾಲಿದರು. ದೋಣಿ ಮಗುಚಿತು.

ಅಲ್ಲಿಯ ನೀರು ಮೇಲಿನ ಅಣೆಕಟ್ಟೆಯ ತಳದಿಂದ ಬರುವಂಥದ್ದು. ಜೂನಿನಲ್ಲೂ ಕಾಲಿಟ್ಟರೆ ಮೂಳೆ ನೋಯುತ್ತದೆ. ಪುಟ್ಟಸ್ವಾಮಿಯವರಿಗೆ ಅರವತ್ತೇಳು. ಹಾರಿದರು. ಕೌಸಲ್ಯಾ ಅವರ ರೇಷ್ಮೆ ಸೀರೆ ನೀರು ಕುಡಿದು ಕೆಳಗೆಳೆಯುತ್ತಿತ್ತು. ಅವರನ್ನು ಹಿಡಿದು, ನೀರಿನಲ್ಲೇ ತಮ್ಮ ಜಾಕೆಟ್ ಬಿಚ್ಚಿ, ಆಕೆಯ ಒಂದು ಕೈ ತೂರಿಸಿ, ಇನ್ನೊಂದು ಕೈ ತೂರಿಸಿ, ಎದೆಯ ಕೊಂಡಿ ಹಾಕಿ — ಕೊಂಡಿಯನ್ನೂ ಹಾಕಿದರು, ನಾನು ನೋಡಿದೆ — ದಡಕ್ಕೆ ನೂಕಿಕೊಂಡು ಬಂದರು. ನಾನು ಸೊಂಟದವರೆಗೆ ಇಳಿದು ಆಕೆಯನ್ನು ಎಳೆದುಕೊಂಡೆ. "ಅವ್ರೆಲ್ಲಿ?" ಎಂದರು ಪುಟ್ಟಸ್ವಾಮಿ. ತಿರುಗಿದರು.

ಪ್ರಭಾಕರ ಮಗುಚಿದ ದೋಣಿ ಹಿಡಿದು ರಭಸದ ಕಡೆಗೆ ತೇಲುತ್ತಿದ್ದರು. ಈಜು ಬಾರದು. ಪುಟ್ಟಸ್ವಾಮಿ ಹಿಂದಿನಿಂದ ನೂಕಿದರು, ನಾನು ಹಗ್ಗ ಎಸೆದೆ, ಪ್ರಭಾಕರ ಅವರ ಕೈಗೆ ಹಗ್ಗ ಸಿಕ್ಕಿತು. ನೂಕುತ್ತಿದ್ದ ಕೈ ಅಲ್ಲೇ ಸೋತಿತು. ಇಪ್ಪತ್ತು ನಿಮಿಷದ ನಂತರ ಕೆಳಗೆ ಮೀನು ಹಿಡಿಯುತ್ತಿದ್ದ ಇಬ್ಬರು ಪುಟ್ಟಸ್ವಾಮಿಯವರನ್ನು ಎತ್ತಿ ದಡಕ್ಕೆ ಹಾಕಿದರು. ಮೈಮೇಲೆ ಜಾಕೆಟ್ ಇರಲಿಲ್ಲ.

ಇಲ್ಲಿಯವರೆಗೆ ನಡೆದದ್ದನ್ನು ನಾನು ಕ್ಷಮಿಸಬಲ್ಲೆ. ಮನುಷ್ಯರು, ತಪ್ಪಾಗುತ್ತದೆ. ನನ್ನಿಂದಲೂ ಆಯಿತು.

ಮುಂದಿನ ವಾರ ಕಂಪನಿಯವರು ನನ್ನ ಮುಂದೆ ಒಂದು ಕಾಗದ ಇಟ್ಟು ಸಹಿ ಕೇಳಿದರು. ತನಿಖಾಧಿಕಾರಿಗೆ ಕೊಟ್ಟ ಹೇಳಿಕೆ. ಇಂಗ್ಲಿಷು. ಓದಿಸಿ ಕೇಳಿದೆ, ಸಹಿ ಹಾಕಲಿಲ್ಲ. ಜಾಕೆಟ್ ತೆಗೆಯಲು ಗೈಡ್, ಅಂದರೆ ಪುಟ್ಟಸ್ವಾಮಿ, ಒಪ್ಪಿಗೆ ಕೊಟ್ಟರು. ನಿಲ್ಲಬಹುದೆಂದು ಗೈಡ್ ಹೇಳಿದರು. ಗೈಡ್ ತಾವೇ ಜಾಕೆಟ್ ಹಾಕಿರಲಿಲ್ಲ. ಕೆಳಗೆ ಮೂರು ಸಹಿ. ಪ್ರಭಾಕರ. ಕೌಸಲ್ಯಾ. ಶ್ರೀಹರ್ಷ.

ಯಾರ ಮೈಮೇಲಿನ ಜಾಕೆಟ್ ತೊಟ್ಟು ಬದುಕಿದರೋ, ಅವರಿಗೇ ಜಾಕೆಟ್ ಇರಲಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಕೌಸಲ್ಯಾ ಅವರೇ, ಆಸ್ಪತ್ರೆಗೆ ಹೋಗುವಾಗ ನೀವು ಅದೇ ಕೆಂಪು ಜಾಕೆಟ್ಟಿನಲ್ಲಿ ನನ್ನ ವ್ಯಾನಿನಲ್ಲಿ ಕುಳಿತಿದ್ದಿರಿ. ಬಿಚ್ಚಿ ಎಂದರೂ ಬಿಚ್ಚಲಿಲ್ಲ, ಚಳಿ ಎಂದಿರಿ. ಈಗ ತಲೆ ತಗ್ಗಿಸಬೇಡಿ. ಅವತ್ತು ಸಹಿ ಹಾಕುವಾಗ ತಗ್ಗಿಸಬೇಕಿತ್ತು.

ನಾನು ಬಾಸ್ಕಿಂಗ್ ರಿಡ್ಜಿಗೆ ಹೋಗಿ ಕೇಳಿದೆ. ಪ್ರಭಾಕರ ಬಾಗಿಲಲ್ಲೇ ಶುರು ಮಾಡಿದರು. "ಅಂಕಲ್, ಪ್ಲೀಸ್ ಅರ್ಥ ಮಾಡ್ಕೊಳ್ಳಿ. ನಮ್ಮ ಗ್ರೀನ್ ಕಾರ್ಡ್ ಲಾಸ್ಟ್ ಸ್ಟೇಜಲ್ಲಿದೆ. ಹದಿಮೂರು ವರ್ಷ ಕಾದಿದೀವಿ. ನಮ್ಮಿಂದ ಒಬ್ಬರು ಹೋದ್ರು ಅಂತ ರೆಕಾರ್ಡ್ ಆದ್ರೆ ಏನಾಗುತ್ತೋ. ಪುಟ್ಟಸ್ವಾಮಿ ಅಂಕಲ್ ಸಿಟಿಝನ್. ಅವರಿಗೆ ಇನ್ನೇನೂ ಆಗಲ್ಲ ಅಲ್ವಾ?"

"ಅವರಿಗೆ ಆಗೂದು ಆಗಿ ಹೋತು" ಎಂದೆ. "ಅವರ ಮನಿಯವರಿಗೆ ನಾ ಏನಂತ ಹೇಳ್ಲಿ?"

"ಎಮೋಷನಲ್ ಆಗ್ಬೇಡಿ ಅಂಕಲ್. ಕಾಫಿ ತಗೊಳ್ಳಿ."

ಕಾಫಿ ಕುಡಿಯಲಿಲ್ಲ. ವಕೀಲರನ್ನು ಕೇಳಿದಿರಾ ಎಂದರೆ, ಇಲ್ಲ, ಕೇಳಿದರೆ ಅದೂ ರೆಕಾರ್ಡ್ ಆಗುತ್ತದೆ ಎಂದರು. ಹದಿಮೂರು ವರ್ಷ ಫೈಲಿಗೆ ಹೆದರಿ ಹೆದರಿ, ಎದುರಿಗಿರುವ ಮನುಷ್ಯ ಕಾಣದ ಹಾಗಾಗಿದೆ ಇವರಿಗೆ. ನಿಮ್ಮಲ್ಲಿ ಅರ್ಧ ಜನಕ್ಕೆ ಈ ಹೆದರಿಕೆ ಇದೆ, ನನಗೆ ಗೊತ್ತು. ಅದಕ್ಕೇ ಎಲ್ಲರೂ ಸುಮ್ಮನಿದ್ದೀರಿ. ಅವತ್ತು ಬಂದಿದ್ದ ಉಳಿದ ಎಂಟು ಜನರೂ ಇಲ್ಲೇ ಇದ್ದೀರಿ. ನಮ್ಮ ದೋಣಿಗಳು ಹಿಂದಿದ್ದವು, ನದಿಯ ಬಂಡೆಯ ತಿರುವು ದಾಟಿರಲಿಲ್ಲ, ಕಾಣಲಿಲ್ಲ ಅನ್ನುತ್ತೀರಿ. ಬೆಳಿಗ್ಗೆ ನಿಮ್ಮ ಪಟ್ಟಿ ಎಳೆದದ್ದಾದರೂ ಕಂಡಿತ್ತಲ್ಲ? ಅದನ್ನಾದರೂ ಬರೆದುಕೊಡಬಹುದಿತ್ತಲ್ಲ?

ಶ್ರೀಹರ್ಷ ಅವರು ಫೋನ್ ನೀರಿಗೆ ಬಿತ್ತು, ಫೋಟೋ ಇಲ್ಲ ಎಂದು ಹೇಳಿದ್ದಾರೆ. ಆ ಸಂಜೆ ಐದೂವರೆಗೆ ಅದೇ ನಂಬರಿನಿಂದ ನನಗೆ ಕರೆ ಬಂತು. "ಅಂಕಲ್, ನನ್ನ ಕಾರ್ ಕೀ ವ್ಯಾನಲ್ಲಿದೆಯಾ?" ಎಂದು.

ಹದಿಮೂರನೆಯ ದಿನ ಊಟಕ್ಕೆ ಬಂದವರೊಬ್ಬರು ಚನ್ನಮ್ಮನವರ ಕೈ ಹಿಡಿದು, "ಪಾಪ, ಗೈಡ್ ಆಗಿ ಅವರೇ ಹುಷಾರಾಗಿರಬೇಕಿತ್ತು" ಎಂದು ಸಮಾಧಾನ ಹೇಳಿ ಹೋದರು. ಜನ ಹೋದ ಮೇಲೆ ಆಕೆ ನನ್ನನ್ನು ಕೇಳಿದರು. "ಅಣ್ಣಾ, ಇವ್ರು ಜಾಕೆಟ್ ಹಾಕ್ಕಂಡಿರ್ಲಿಲ್ವಾ?" ಹಾಕ್ಕೊಂಡಿದ್ರವ್ವಾ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರು. ಮತ್ತೆ ಹೇಳಿದೆ. ನಾನು ಚಪ್ಪಲಿ ಮೆಟ್ಟುವಾಗ ಮೂರನೆಯ ಸಲ ಕೇಳಿದರು. ನನ್ನೊಬ್ಬನ ಮಾತು ಆಕೆಗೆ ಸಾಲುತ್ತಿಲ್ಲ. ಸಾಲಬಾರದು ಕೂಡ. ಕಾಗದದ ಮೇಲೆ ಮೂರು ಜನ, ಎದುರಿಗೆ ನಾನೊಬ್ಬ, ಅದೂ ವ್ಯಾನಿನವನು.

ಅಧಿಕಾರಿಯನ್ನು ನಾನು ಕಂಡು ಬಂದಿದ್ದೇನೆ. ಕಡತ ಜುಲೈ ಇಪ್ಪತ್ತೆಂಟು, ಸೋಮವಾರ ಮುಚ್ಚುತ್ತಾರೆ. ಅಲ್ಲಿಯವರೆಗೆ ಕೊಟ್ಟ ಹೇಳಿಕೆಯನ್ನು ತಿದ್ದಬಹುದು. ತಿದ್ದದಿದ್ದರೆ 'ಗೈಡಿನ ನಿರ್ಲಕ್ಷ್ಯ' ಎಂದು ಬರೆದು ಮುಚ್ಚುತ್ತಾರೆ. ಆಮೇಲೆ ನೀವು ವರ್ಷ ವರ್ಷ ಹಾರ ಹಾಕಿದರೂ ಆ ಎರಡು ಪದ ಅಳಿಯುವುದಿಲ್ಲ.

ಈಗ ಎಲ್ಲರೂ ಎದ್ದು ನಿಲ್ಲಿ. ಪುಟ್ಟಸ್ವಾಮಿಯವರಿಗಾಗಿ ಎರಡು ನಿಮಿಷ ಮೌನ. ಕಷ್ಟವಾಗಲಾರದು, ನಿಮಗೆ ಮೂರು ವಾರದ ಅಭ್ಯಾಸವಿದೆ. ಚನ್ನಮ್ಮ, ನೀವು ಕುಳಿತೇ ಇರಿ ತಾಯಿ.

ಮೌನ ಮುಗಿದ ಮೇಲೆ ಊಟಕ್ಕೆ ಹೋಗಿ. ಪ್ರಭಾಕರ, ಕೌಸಲ್ಯಾ, ಶ್ರೀಹರ್ಷ — ಹೇಳಿಕೆ ತಿದ್ದುತ್ತೀರೋ ಇಲ್ಲವೋ, ಆ ಫೋಟೋ ಕೊಡುತ್ತೀರೋ ಇಲ್ಲವೋ, ನನಗಲ್ಲ, ಚನ್ನಮ್ಮನವರ ಮನೆಗೆ ಹೋಗಿ ಅವರ ಮುಖ ನೋಡಿ ಹೇಳಿ. ಜುಲೈ ಇಪ್ಪತ್ತೈದು, ಶುಕ್ರವಾರ, ಸಂಜೆ ಐದು ಗಂಟೆಯೊಳಗೆ ಉತ್ತರ ಬೇಕು.