ಹೊಳಪು ಕೊಟ್ಟ ಕೋವಿ

ಆಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಗೆ ಪಕ್ಕದ ಅಕ್ಕ-ತಮ್ಮನ ಮಾತು ಬೇಡವೆಂದರೂ ಕೇಳಿಸಿತು. ಕಿವಿಗೇನು ಬಾಗಿಲಿದೆಯೇ?

“ಅಪ್ಪ ಕೂಡಿಟ್ಟಿರೋ ಬ್ರಿಟಿಷ್ ಕೋವಿಗಳಿವೆಯಲ್ಲಕ್ಕಾ, ಅದರಲ್ಲಿ ಕೇಪು ಇಟ್ಟು ಹೊಡೆಯೋ ಆ ಕುದುರೆ ಸವಾರರ ಗಿಡ್ಡ ಕೋವೀನ ಉಜ್ಜಿಬಿಟ್ಟೆ. ಕನ್ನಡಿ ಥರ ಹೊಳೀತಿದೆ.”

“ಅಯ್ಯೋ ಪುಣ್ಯಾತ್ಮ! ಅದರ ಮೇಲಿನ ಮುದ್ರೆ?”

“ಅಳಿಸಿಹೋಯ್ತು. ಅಪ್ಪ ಖುಷಿಪಡ್ಲಿ ಅಂತ ಮಾಡ್ದೆ.”

“ಆ ಮುದ್ರೆ, ಆ ಹಳೇ ಕಪ್ಪು ಇದ್ರೇನೇ ಕಣೋ ಅದಕ್ಕೆ ಬೆಲೆ! ಒದ್ದೆ ಬಟ್ಟೆ ತಾಗಿಸಿದ್ರೂ ರಂಪ ಮಾಡ್ತಿದ್ರು. ಅವರಿಗೆ ಗೊತ್ತಾ?”

“ಬೆಳಿಗ್ಗೆ ಇಲ್ಲೇ ವಾರ್ಡಲ್ಲಿ, ಅವರ ಮಂಚದ ಹತ್ರ ಕೂತು ಫೋಟೋ ತೋರಿಸ್ದೆ.”

“ಎಷ್ಟು ಬೈದ್ರು?”

“ಬೈಲೇ ಇಲ್ಲ. ನನ್ನ ಕೈ ಹಿಡ್ಕೊಂಡು ‘ಚೆನ್ನಾಗಿದೆ ಮಗಾ’ ಅಂದ್ರು.”

ಒಳಗಿಂದ ನರ್ಸ್ ಕರೆದಾಗ ಎದ್ದ ಅಕ್ಕ ತಮ್ಮನ ಭುಜ ಹಿಡಿದಳು.

“ಚಿಕ್ಕಪ್ಪನಿಗೆ ಫೋನ್ ಮಾಡೋ. ಈಗಲೇ ಹೊರಟು ಬರ್ಲಿ.”