ದರ್ಬಾರ್ ಪರದೆ ಮೇಲೆ ಇಂಜಿನ್ ಮನೆ

ರಾಕೆಟ್ ಅಲ್ಲ ಕಣೋ, ನಕ್ಷತ್ರಕ್ಕೆ ಹೋಗೋ ಹಡಗು! ಅದರ ಇಂಜಿನ್ ಮನೆ ಬರೆದೋನು ನಿಮ್ಮ ತಾತ, ನಗಬೇಡಿ. ಆಗ ಮನೆಮನೆಗೂ ಟಿವಿ ಬಂದು ನಾಟಕ ಆಡೋರೇ ಕಮ್ಮಿಯಾಗಿದ್ರು. ನಾನೂ ನಮ್ಮ ಸೋದರಮಾವ ರಂಗಪ್ಪನೂ ಗಂಡಸಿಯಲ್ಲಿ ನಾಟಕದ ಪರದೆ ಬರೆದು ಹಳ್ಳಿಗಳಿಗೆ ಬಾಡಿಗೆಗೆ ಕೊಡ್ತಿದ್ವಿ. ಕೊಡ್ತಿದ್ವಿ ಅಂದ್ರೆ, ಪರದೆ ಎಲ್ಲಾ ಮಾವಂದು, ನಂದು ಬರೀ ಕೈ. ಮನೇಲಿ ನಿಮ್ಮಜ್ಜಿ ಬಾಣಂತಿ, ರಾಗಿ ಡಬ್ಬ ತಳ ಕಂಡಿತ್ತು. ಅಂಥ ಹೊತ್ನಲ್ಲಿ ಮಾದಿಹಳ್ಳಿ ಕಡೆಯಿಂದ ಒಬ್ರು ಮೇಷ್ಟ್ರು ಬಂದು, "ಮಕ್ಕಳ ನಾಟಕಕ್ಕೆ ಆಕಾಶದ ಹಡಗಿನ ಇಂಜಿನ್ ಮನೆ ಬರೆದುಕೊಡ್ರೀ, ಬಟ್ಟೆ ನಿಮ್ಮದೇ" ಅಂದ್ರು. ಬಟ್ಟೆ ಎಲ್ಲಿಂದ ತರ್ಲಿ? ಮಾವ ನೋಡಿದ್ರು. "ಅದ್ಯಾಕ್ಲಾ ಮುಖ ಇಳಿಬಿಟ್ಕೊಂಡಿದ್ದೀಯ? ನಾನಿಲ್ವಾ?" ಅಂದ್ರು.

ಬೆಳಿಗ್ಗೆ ಹೋದ್ರೆ ತೆಂಗಿನಮರಕ್ಕೆ ಹಗ್ಗ ಕಟ್ಟಿ ಬೆಳ್ಳಗೆ ಒಂದು ಪರದೆ ಒಣಗ್ತಾ ಐತೆ. ಮಾವ ತಮ್ಮ ಕೈಯಾರೆ ಬರೆದ ದರ್ಬಾರ್ ಪರದೆ! ಪೌಡರ್ ಬಣ್ಣಕ್ಕೆ ಅಂಟು ಕಲಸಿ ಬರೆಯೋದಲ್ವಾ, ನೀರು ಬಿದ್ರೆ ಬಿಟ್ಟೋಗ್ತದೆ. ರಾತ್ರೋರಾತ್ರಿ ಒಗೆದುಬಿಟ್ಟಿದ್ರು, ಕಂಬ, ಸಿಂಹಾಸನ ಎಲ್ಲಾ ಕೆರೆ ಪಾಲು. "ಹಳೇದಾಗಿತ್ತು, ತಗೊಂಡೋಗು" ಅಂದ್ರು. ಇನ್ನೊಂದು ಇಟ್ಕೊಂಡಿರ್ತಾರೆ ಅಂದ್ಕೊಂಡೆ. ಅಂದ್ಕೊಂಡೆ ಅಷ್ಟೇ, ಕೇಳ್ಲಿಲ್ಲ.

ಆಮೇಲೆ ನೋಡಿ, ಹಡಗಿನ ಇಂಜಿನ್ ಯಾರು ಕಂಡವ್ರೆ? ಅರಸೀಕೆರೆ ಸ್ಟೇಷನ್ನಿಗೆ ಹೋದೆ. ಅಲ್ಲಿ ಮೂಲೇಲಿ ನಿಂತಿದ್ದ ಹಳೇ ಕಲ್ಲಿದ್ದಲು ಇಂಜಿನ್ನೇ ನೋಡ್ಕೊಂಡು ಬಂದು ಕೊಳವೆ, ಹಿಡಿ, ಗಡಿಯಾರದಂಥ ಮೀಟರು, ಕೆಂಪಗೆ ಉರಿಯೋ ಒಲೆ, ಎಲ್ಲಾ ಬರೆದೆ. "ಆಕಾಶದಲ್ಲಿ ಕಲ್ಲಿದ್ದಲು ಯಾರು ಹಾಕ್ತಾರೆ ಸ್ವಾಮಿ?" ಅಂತ ಮೇಷ್ಟ್ರು ನಕ್ರು. ಆದ್ರೂ ನಾಟಕದ ದಿನ ಒಬ್ಬ ಹುಡುಗ "ಕ್ಯಾಪ್ಟನ್, ಇಂಜಿನ್ ಕಾದೋಯ್ತು!" ಅಂತ ಕೂಗಿದಾಗ ಏನು ಚಪ್ಪಾಳೆ ಅಂತೀರಿ! ಆ ದುಡ್ಡಲ್ಲಿ ನಿಮ್ಮಜ್ಜಿಗೆ ತುಪ್ಪ ತಂದೆ. ಪರದೆ ಮಾವಂಗೆ ಕೊಟ್ಟೆ.

ಸುಗ್ಗಿ ಮುಗಿದ್ಮೇಲೆ ಹಗರೆ ಕಡೆಯೋರು ಪೌರಾಣಿಕ ನಾಟಕಕ್ಕೆ ಕರೆದ್ರು. "ಮಾವ, ದರ್ಬಾರ್ ಸೀನು?" ಅಂದೆ. ನನ್ನ ಇಂಜಿನ್ ಪರದೇನೇ ಸುತ್ತಿ ಹೆಗಲಿಗೆ ಹಾಕ್ಕೊಂಡ್ರು. ಅಯ್ಯೋ, ಆಗ ಗೊತ್ತಾಯ್ತು ಕಣೋ! ದರ್ಬಾರ್ ಪರದೆ ಇದ್ದದ್ದೇ ಅದೊಂದು. ಒಗೆದು ಮತ್ತೆ ಬರೆಯೋಕೆ ಹೊತ್ತೆಲ್ಲಿತ್ತು, ನಾಟಕ ಅವತ್ತು ರಾತ್ರೀನೇ. "ದೂರದಿಂದ ಯಾರಿಗೂ ಗೊತ್ತಾಗಲ್ಲ ಬಿಡೋ" ಅಂದ್ರು. ರಾಜನ ಪಾರ್ಟಿನೋನು ಮೀಸೆ ತಿರುವ್ಕೊಂಡು ಬಂದ, ಮಾವ ಹಗ್ಗ ಬಿಟ್ರು, ಹಿಂದುಗಡೆ ನನ್ನ ಇಂಜಿನ್ ಮನೆ! "ಏನ್ಲಾ, ರಾಜ ರೈಲಲ್ಲಿ ದರ್ಬಾರ್ ಮಾಡ್ತವ್ನೆ!" ಅಂತ ಯಾವನೋ ಕೂಗ್ದ. ಊರಿಗೂರೇ ನಕ್ಕಿದ್ದೇ ನಕ್ಕಿದ್ದು. ಮಾವ ಹಗ್ಗ ಹಿಡ್ಕೊಂಡು ತಲೆ ತಗ್ಗಿಸಿ ನಿಂತಿದ್ರು. ಆಮೇಲೆ ಅವರನ್ನ ಯಾರೂ ಕರೀಲಿಲ್ಲ. ಅವತ್ತು ಬಸ್ಸಲ್ಲಿ ವಾಪಸ್ ಬರ್ತಾ ಮಾವ ಏನಂದ್ರು ಗೊತ್ತಾ? "ನಕ್ರು ಅಂತ ಬೇಜಾರು ಮಾಡ್ಕೋಬೇಡ ಕಣೋ, ಇಂಜಿನ್ ಚೆನ್ನಾಗಿ ಬರೆದಿದ್ದೀಯ." ನಂಗೇ ಸಮಾಧಾನ ಹೇಳ್ತಾರೆ! ಆ ತುಪ್ಪ ಬಂದಿದ್ದು ಮಾವನ ಸಿಂಹಾಸನ ಕರಗಿ ಕಣೋ.

ಅದಕ್ಕೇ ಹೇಳೋದು, ಯಾರಾದ್ರೂ ಏನಾದ್ರೂ ಕೊಟ್ರೆ, ಅವರಿಗೆ ಇನ್ನೊಂದು ಐತಾ ಅಂತ ಕೇಳಿ ಈಸ್ಕೊಳ್ಳಿ. ಏನೋ ಇದು, ಕೋಡುಬಳೆ ನಂಗೆ ಕೊಡ್ತಿದ್ದೀಯಲ್ಲ, ನಿಂಗೆ ಐತೇನೋ?